ಮ ಬಂದಲ್ಲಿ ಮೂಗು

ನಮ್ಮೂರಿನಲ್ಲಿ ಮೀಸೆ ಬಿಟ್ಟವನನ್ನು ಯಾರೂ ನಂಬುವುದಿಲ್ಲ. ತುಟಿಯ ಮೇಲೆ ಗೆರೆ ಎಳೆದಷ್ಟಿದ್ದರೆ ಪರವಾಗಿಲ್ಲ. ತುಟಿ ದಾಟಿ ಕೆಳಗಿಳಿಯಿತೋ, ಈ ಆಸಾಮಿ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಪುರಸಭೆಯ ಸಭೆಗೆ ಎಲೆಅಡಿಕೆ ಜಗಿಯುತ್ತ ಬರುವಂತಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ತರುವಂತಿಲ್ಲ. ಹೋಟೆಲಿನ ಗೋಡೆಗೆ ಕನ್ನಡಿ ಹಾಕುವಂತಿಲ್ಲ. ಹಾಕಿದರೆ ಬೆನ್ನು ತಿರುಗಿಸಿ ಕೂತವರ ಮಾತೂ ಪರರ ಕಣ್ಣಿಗೆ ಬೀಳುತ್ತದೆ, ಆಮೇಲೆ ಜಗಳ ಬಿಡಿಸುವವರು ಯಾರು? ಕರೆಂಟು ಹೋದರೆ ಇಡೀ ಊರಿಗೆ ಮಾತು ನಿಂತುಹೋಗುತ್ತದೆ. ಹೊಸದಾಗಿ ಮದುವೆಯಾದವರು ಮಾತ್ರ ಒಬ್ಬರ ಅಂಗೈಯಲ್ಲಿ ಒಬ್ಬರು ಬೆರಳಿನಿಂದ ಬರೆದುಕೊಂಡು ಕಾಲ ಕಳೆಯುತ್ತಾರೆ, ಅವರ ಪಾಡು ಅವರಿಗೆ.

ಮಿಲ್ಲು ಮುಚ್ಚಿ ಇಪ್ಪತ್ತೆರಡು ವರ್ಷವಾಯಿತು. ಮಗ್ಗಗಳನ್ನು ಗುಜರಿಗೆ ಹಾಕಿದರು. ಲಾರಿಗೆ ಹೇರುವಾಗ ನಾನೇ ಎದುರು ನಿಂತಿದ್ದೆ, ಎರಡು ದಿನ ಅನ್ನ ಸೇರಲಿಲ್ಲ. ಮಗ್ಗ ಹೋದವು, ಮಗ್ಗದ ಸದ್ದು ಹೋಗಲಿಲ್ಲ. ಆ ಶೆಡ್ಡಿನೊಳಗೆ ಈಗ ಪಾರಿವಾಳ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಆದರೂ ಮೂರು ಪಾಳಿಯಲ್ಲೂ ಏಳುನೂರು ಮಗ್ಗ ಒಟ್ಟಿಗೆ ಓಡುವ ಸದ್ದು ಊರನ್ನೆಲ್ಲ ತುಂಬಿಕೊಂಡಿದೆ. ರೈಲ್ವೆ ಗೇಟು ದಾಟಿದರೆ ಸರಿ, ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಫೋನಿನಲ್ಲಿ ಮಾತಾಡಬೇಕಾದವರೆಲ್ಲ ಗೇಟಿನ ಆಚೆ ಸಾಲಾಗಿ ನಿಂತು ಮಾತಾಡಿ ಬರುತ್ತಾರೆ. ಹಾಗೆ ಹೋಗಿ ಬರುವವರ ಮೇಲೂ ನಮ್ಮದೊಂದು ಕಣ್ಣು ಇದ್ದೇ ಇರುತ್ತದೆ. ಊರೊಳಗೆ ಮುಖ ನೋಡಿ ಆಡಲಾಗದ ಅದೆಂಥ ಮಾತು?

ಹೀಗಾಗಿ ಮಿಲ್ಲಿನೊಳಗೆ ನಾವು ಹೇಗೆ ಮಾತಾಡುತ್ತಿದ್ದೆವೋ ಈಗ ಊರೆಲ್ಲ ಹಾಗೇ ಮಾತಾಡುತ್ತದೆ. ದನಿ ಬೇಕಿಲ್ಲ. ತುಟಿ ಆಡಿಸುವುದು, ಎದುರಿನವರು ಓದಿಕೊಳ್ಳುವುದು, ಅಷ್ಟೇ. ಅದರಲ್ಲಿ ಇರುವ ತೊಡಕು ಒಂದೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಕೂಡುತ್ತದೆ. ಮಾವ ಬರ್ತಾರೆ ಅಂದರೆ ಬಾವ ಬರ್ತಾರೆ ಅಂತ ಕಾಣುತ್ತದೆ. ನಮ್ಮ ಓಣಿಯಲ್ಲೇ ಒಬ್ಬ ಅತ್ತೆ ಅಂಗಳದ ಆಚೆಯಿಂದ ಹೊಸ ಸೊಸೆಯನ್ನು "ಮಸರಾತಾ?" ಎಂದು ಕೇಳಿದಳು, ಮೊಸರು ಹೆಪ್ಪಾಯಿತಾ ಅಂತ. ಸೊಸೆ ಅದನ್ನು "ಬಸರಾತಾ?" ಎಂದು ಓದಿಕೊಂಡು, ನಾಚಿಕೊಂಡು ತಲೆಯಾಡಿಸಿದಳು. ಎದುರುಮನೆಯವರು ಇಬ್ಬರ ತುಟಿಯನ್ನೂ ಓದಿ ಸಂಜೆಯ ಹೊತ್ತಿಗೆ ಸಕ್ಕರೆ ಹಿಡಿದುಕೊಂಡು ಬಂದರು.

ಇಂಥ ಫಜೀತಿ ಬೇಡವೆಂದೇ ಮಿಲ್ಲಿನ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಮ ಬಂದಲ್ಲಿ ಮೂಗು. ಅರ್ಥ ಕೆಡುವ ಕಡೆ ಮಕಾರ ಬಂದರೆ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಅದು ಬ. ಪಕಾರದ ಗೊಂದಲ ಅಪರೂಪ, ಅದನ್ನು ದೇವರು ನೋಡಿಕೊಳ್ಳುತ್ತಾನೆ. ನಮ್ಮೂರಿನ ಕೂಸುಗಳು ನಡೆಯಲು ಕಲಿಯುವ ಮೊದಲು ಮೂಗು ಮುಟ್ಟಿ ಅಮ್ಮ ಅನ್ನುವುದನ್ನು ಕಲಿಯುತ್ತವೆ.

ನನ್ನ ಹೆಸರು ಮುರಿಗೆಪ್ಪ. ಮೂಗು ಮುಟ್ಟಿಯೇ ಕರೆಯಬೇಕಾದ ಹೆಸರು. ಮಿಲ್ಲಿನಲ್ಲಿ ಮಗ್ಗಗಳ ಉಸ್ತುವಾರಿ ನೋಡುವ ಜಾಬರ್ ಆಗಿದ್ದೆ, ಮುಚ್ಚಿದ ಮೇಲೆ ಕಾರ್ಮಿಕ ಕಲಾ ಸಂಘದ ಪ್ರಾಂಪ್ಟರ್ ಆದೆ. ಮಿಲ್ಲಿನ ಗೋಡೆಗೆ ಅಂಟಿಕೊಂಡೇ ನಮ್ಮ ಕಲಾಮಂದಿರವಿದೆ, ಮಿಲ್ಲು ಓಡುತ್ತಿದ್ದಾಗಲೂ ಅಲ್ಲಿ ತುಟಿಯ ಮಾತೇ. ವರ್ಷಕ್ಕೊಂದು ಸಲ, ಮಿಲ್ಲು ಶುರುವಾದ ದಿನ, ಅಲ್ಲಿ ನಾಟಕ. ರಂಗದ ಅಂಚಿನಲ್ಲಿ ಸೊಂಟದಷ್ಟು ಆಳದ ಒಂದು ಗುಂಡಿ. ನಾನು ಅದರಲ್ಲಿ ಜನಕ್ಕೆ ಬೆನ್ನು ಹಾಕಿ, ಪಾತ್ರಧಾರಿಗಳಿಗೆ ಮುಖ ಕೊಟ್ಟು ಕೂರುತ್ತೇನೆ. ಯಾರಾದರೂ ತಡವರಿಸಿದರೆ ನನ್ನ ತುಟಿ ನೋಡಿ ಮುಂದಿನ ಮಾತು ಹಿಡಿಯುತ್ತಾರೆ. ಇಪ್ಪತ್ತು ಮಾರು ದೂರದ ತುಟಿಯನ್ನೂ ಓದುತ್ತೇನೆಂದು ಊರವರು ನನಗೆ ದುರ್ಬೀನು ಎಂದು ಹೆಸರಿಟ್ಟಿದ್ದರು. ನನ್ನ ಕಣ್ಣು ಒಮ್ಮೆಯೂ ತಪ್ಪಿದ್ದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ.

ಹಾಲಮ್ಮ ನಮ್ಮ ನಾಟಕದ ರಾಣಿ. ಮಿಲ್ಲಿನಲ್ಲಿ ನೂಲು ಸುತ್ತುವ ಖಾತೆಯಲ್ಲಿದ್ದವಳು, ಚಿಕ್ಕ ವಯಸ್ಸಿನಲ್ಲೇ ಗಂಡ ಹೋದ, ಮಕ್ಕಳಿಲ್ಲ. ಮೂವತ್ತೊಂದು ವರ್ಷದಿಂದ 'ಮಾಳವದ ಮಹಾರಾಣಿ'ಯಲ್ಲಿ ಅವಳದೇ ಮುಖ್ಯ ಪಾತ್ರ. ಆ ನಾಟಕ ಬರೆದ ಪುಣ್ಯಾತ್ಮನಿಗೆ ಮಕಾರದ ಹುಚ್ಚು, ಆಟ ಮುಗಿಯುವ ಹೊತ್ತಿಗೆ ಹಾಲಮ್ಮನ ಮೂಗು ಕೆಂಪಾಗಿರುತ್ತಿತ್ತು. ಕೊನೆಯ ಅಂಕದಲ್ಲಿ, ಕೊಟ್ಟ ಮಾತಿಗೆ ತಪ್ಪಿದ ಮಗನನ್ನು ರಾಣಿ ಹೊರಗೆ ಹಾಕುವಾಗ ಒಂದು ಮಾತಿದೆ. "ಮಗನೇ, ಮಾತು ಮರೆತವನಿಗೆ ಮಣ್ಣೂ ಮನೆಯಾಗದು." ಅದನ್ನು ಅವಳು ಹೇಳಿದರೆ ಮುಂದಿನ ಸಾಲಿನ ಗಂಡಸರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಒಡಹುಟ್ಟಿದವರಿಲ್ಲ. ಅವಳು ಮುರಿಗೆಣ್ಣ ಎನ್ನುತ್ತ ಮೂಗಿಗೆ ಬೆರಳಿಟ್ಟರೆ ನನಗೆ ತಂಗಿ ಕರೆದಷ್ಟೇ ಸಂತೋಷವಾಗುತ್ತಿತ್ತು.

ಹೋದ ಸಲದ ತಾಲೀಮು ಶುರುವಾದಾಗ ಅವಳು ಬೇರೆ ಥರ ಕಂಡಳು. ಕರೆಯುವಾಗ ಮೂಗು ಮುಟ್ಟುವುದನ್ನು ಬಿಟ್ಟಿದ್ದಳು. ಮುರಿಗೆಣ್ಣ ಹೋಗಿ ಬುರಿಗೆಣ್ಣ ಆಯಿತು. ಮನೆಗೆ ಬಂದು ಹೆಂಡತಿ ಅನಸೂಯಳಿಗೆ ಹೇಳಿದರೆ ಅವಳು ಸೊಪ್ಪು ಸೋಸುತ್ತ, "ಬುರುಡೆ ಅಣ್ಣ ಅಂದಿರ್ಬೇಕು ಬಿಡ್ರಿ, ಸುಳ್ಳೇನಲ್ವಲ್ಲ" ಎಂದಳು. ಅವಳಿಗೆ ತಮಾಷೆ, ನನಗೆ ಚುಚ್ಚಿತು. ಅದೂ ಅಲ್ಲದೆ ತಾಲೀಮಿನ ನಡುವೆ ಹಾಲಮ್ಮ ಸುಮ್ಮಸುಮ್ಮನೆ ಗುಂಡಿಯ ಕಡೆ, ಅಂದರೆ ನನ್ನ ಕಡೆ ನೋಡುತ್ತಿದ್ದಳು. ಇವಳು ನನ್ನ ಮೇಲೆ ಯಾಕೆ ಕಣ್ಣಿಟ್ಟಿದ್ದಾಳೆ ಎಂದು ನಾನು ಅವಳ ಮೇಲೆ ಕಣ್ಣಿಟ್ಟೆ.

ಆಗಲೇ ಮೂಗರ್ಜಿ ಹೋಗಿದ್ದು. ಹೆಸರಿಲ್ಲ, ಸಹಿಯಿಲ್ಲ, ಟೈಪು ಮಾಡಿದ ಒಂದು ಹಾಳೆ. ಕಲಾಮಂದಿರದಲ್ಲಿ ನಾಟಕ ಆಡುವುದರಿಂದಲೇ ಮಗ್ಗದ ಸದ್ದು ಊರು ಬಿಟ್ಟು ಹೋಗುತ್ತಿಲ್ಲ, ಅದನ್ನು ಮುಚ್ಚಿಸಿದರೆ ಸದ್ದೂ ನಿಲ್ಲುತ್ತದೆ, ಇಂತಿ ನೊಂದ ನಾಗರಿಕ. ಮೇಲಿನ ಕಚೇರಿಯಿಂದ ಒಬ್ಬ ಸಾಹೇಬ ಕಿವಿಗೆ ಹತ್ತಿ ತುರುಕಿಕೊಂಡು ಬಂದ, ಬೀಗ ಜಡಿದ, ಅರಗಿನ ಮುದ್ರೆ ಒತ್ತಿದ. ನಮ್ಮ ಪುರಸಭೆಯ ಅಧ್ಯಕ್ಷ ತಿಪ್ಪೇಶಣ್ಣ ಕೈಮುಗಿದು ಬೇಡಿಕೊಂಡದ್ದಕ್ಕೆ ಒಂದು ಚೀಟಿ ಬರೆದುಕೊಟ್ಟ: ಅರ್ಜಿ ಕೊಟ್ಟವರೇ ಬಂದು ಸಹಿ ಹಾಕಿ ವಾಪಸು ಪಡೆದರೆ ಬೀಗ ತೆಗೆಯಲಾಗುವುದು. ನಾಟಕಕ್ಕೆ ಇಪ್ಪತ್ತು ದಿನ ಉಳಿದಿತ್ತು.

ಆಮೇಲೆ ಊರಿನ ಅವಸ್ಥೆ ಕೇಳಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಯಾರು ಮುಟ್ಟಿ ನೋಡಿಕೊಳ್ಳುತ್ತಾರೆಂದು ಎಲ್ಲರೂ ಎಲ್ಲರ ಹೆಗಲನ್ನೂ ಕಾಯತೊಡಗಿದರು. ನೆಗಡಿಯಾಯಿತೆಂದು ಕರವಸ್ತ್ರ ಹಿಡಿದವನನ್ನು ನಿಲ್ಲಿಸಿ ಕೇಳಿದರು. ಟೈಪು ಕಲಿತವರ ಮನೆಯ ಮುಂದೆ ಸುಳಿದಾಡಿದರು. ಹೋಟೆಲಿನಲ್ಲಿ ಜನ ಬೆನ್ನಿಗೆ ಗೋಡೆ ಇರುವ ಕುರ್ಚಿಗೇ ಕಾದು ನಿಲ್ಲುತ್ತಿದ್ದರು. ಅನಸೂಯ ಒಂದು ಮಧ್ಯಾಹ್ನ ನನ್ನನ್ನೇ ದಿಟ್ಟಿಸಿ, "ನೀವಲ್ಲ ತಾನೆ?" ಎಂದಳು. ನನಗೂ ಅವಳ ಮೇಲೆ ಅರೆಗಳಿಗೆ ಅನುಮಾನ ಬಂದಿತ್ತು, ಅದನ್ನು ಹೇಳಲಿಲ್ಲ.

ಐದನೆಯ ದಿನ ಬೆಳಗ್ಗೆ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿದ್ದೆ. ಹಾಲಮ್ಮ ಪರವೂರಿಗೆ ಮದುವೆಯಾಗಿ ಹೋದ ತನ್ನ ತಂಗಿಯನ್ನು ಬಸ್ಸಿಗೆ ಹತ್ತಿಸಲು ಬಂದಿದ್ದಳು. ತಂಗಿ ಕಿಟಕಿಯಲ್ಲಿ, ಇವಳು ಕೆಳಗೆ. ಹಾಲಮ್ಮನ ಮುಖ ಅರ್ಧ ನನ್ನ ಕಡೆಗಿತ್ತು, ನನಗೆ ಅಷ್ಟು ಸಾಕು. ಅಳುತ್ತಿದ್ದಳು. ಅಳುತ್ತಲೇ ಅಂದಳು: "ಎಲ್ಲಾ ನಾನೇ ಬರೆದೆ. ಯಾರಿಗೂ ಹೇಳ್ಬ್ಯಾಡವ್ವ. ಗೊತ್ತಾದ್ರೆ ನಾಟಕದಿಂದ ತೆಗೆದು ಹಾಕ್ತಾರೆ."

ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ನಾನು ಹಳೇ ಜಾಬರ್, ಆತುರದವನಲ್ಲ. ಬರೆದೆ ಮತ್ತು ಮರೆತೆ ಎರಡಕ್ಕೂ ತುಟಿ ಒಂದೇ ಎಂಬುದು ನನಗೂ ಗೊತ್ತು. ಅದಕ್ಕೇ ಅವಳ ಕೈ ನೋಡಿದೆ. ಒಂದು ಕೈ ತಂಗಿಯ ಕೈ ಹಿಡಿದಿತ್ತು. ಇನ್ನೊಂದು ಖಾಲಿ, ಸುಮ್ಮನೆ ಜೋಲು ಬಿದ್ದಿತ್ತು. ಮೂಗಿನ ಹತ್ತಿರಕ್ಕೂ ಸುಳಿಯಲಿಲ್ಲ. ಮೂವತ್ತೊಂದು ವರ್ಷ ರಂಗದ ಮೇಲೆ ಒಂದು ಮಕಾರಕ್ಕೂ ಬೆರಳು ತಪ್ಪದ ಹೆಂಗಸು! ಅಂದ ಮೇಲೆ ಅದು ಬಕಾರವೇ. ಬುರಿಗೆಣ್ಣ ಅಂದದ್ದು, ಗುಂಡಿಯ ಕಡೆ ಕದ್ದು ನೋಡಿದ್ದು, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಉಂಡ ಮನೆಯ ಜಂತೆ ಎಣಿಸಿದವಳು ಇವಳೇನಾ ಎಂದುಕೊಂಡು ನೆಟ್ಟಗೆ ತಿಪ್ಪೇಶಣ್ಣನ ಮನೆಗೆ ಹೋದೆ.

ಮರುದಿನವೇ ಪುರಸಭೆಯಲ್ಲಿ ಸಭೆ. ಕಣ್ಣುಸಾಕ್ಷಿ ನಾನು. ದುರ್ಬೀನು ನೋಡಿದ್ದು ಅಂದ ಮೇಲೆ ಎರಡನೇ ಸಾಕ್ಷಿ ಯಾಕೆ ಎಂದರು ಜನ. ನನಗೆ ಒಳಗೊಳಗೇ ಹಿಗ್ಗು, ಸುಳ್ಳು ಹೇಳುವುದಿಲ್ಲ. ತಿಪ್ಪೇಶಣ್ಣ ಹಾಲಮ್ಮನನ್ನು ನಡುವೆ ನಿಲ್ಲಿಸಿ, ಎಲ್ಲರಿಗೂ ಕಾಣುವ ಹಾಗೆ ನಿಧಾನವಾಗಿ ಕೇಳಿದ. "ನೋಡವ್ವ, ಮುಚ್ಚುಮರೆ ಬ್ಯಾಡ. ಬರೆದೋಳು ನೀನೇನಾ?"

ಅವಳ ಮುಖ ಬೆಳ್ಳಗಾಯಿತು. ಸುತ್ತ ನೋಡಿದಳು. ನನ್ನನ್ನೂ ನೋಡಿದಳು.

"ಹೌದಣ್ಣ, ನಾನೇ" ಎಂದಳು. "ನಾನೇ ಬರೆದೆ. ಬೇಕಂತ ಅಲ್ಲ. ತಪ್ಪಾಯ್ತು."

ಕೈ ಎರಡೂ ಕೆಳಗಿದ್ದವು. ಸಭೆಯೆಲ್ಲ ಓದಿಕೊಂಡಿತು. "ಹಂಗಾದ್ರೆ ಬಂದು ಸಹಿ ಹಾಕು, ಅರ್ಜಿ ವಾಪಸ್ ತಗೋ. ಎಲ್ಲಾ ಮರೆತುಬಿಡಾಣ" ಎಂದು ತಿಪ್ಪೇಶಣ್ಣ ಮೂಗು ಮುಟ್ಟಿ ಹೇಳಿದ. ಅವಳು ಪಿಳಿಪಿಳಿ ಕಣ್ಣು ಬಿಟ್ಟಳು. "ಯಾವ ಅರ್ಜಿ?" ಎಂದಳು. ಈಗಷ್ಟೇ ಒಪ್ಪಿಕೊಂಡು ಈಗ ಯಾವ ಅರ್ಜಿ ಅಂದರೆ ಜನಕ್ಕೆ ಪಿತ್ತ ನೆತ್ತಿಗೇರದೆ ಇರುತ್ತದೆಯೇ? ನಾಟಕದವಳು, ಇಲ್ಲೂ ನಾಟಕ ಹೂಡಿದ್ದಾಳೆ ಎಂದರು. ಮೂರು ಸಲ ಕೇಳಿದರು, ಮೂರು ಸಲವೂ ಅದೇ ಉತ್ತರ. ಕೊನೆಗೆ ತಿಪ್ಪೇಶಣ್ಣ ಎದ್ದು ಅವಳಿಗೆ ಬೆನ್ನು ಹಾಕಿ ನಿಂತ. ಒಬ್ಬೊಬ್ಬರಾಗಿ ಸಭೆಯೆಲ್ಲ ತಿರುಗಿ ನಿಂತಿತು.

ಇದಕ್ಕೆ ನಮ್ಮಲ್ಲಿ ಬೆನ್ನು ಕೊಡುವುದು ಎನ್ನುತ್ತಾರೆ. ಬೇರೆ ಊರಿನಲ್ಲಿ ಒಬ್ಬರನ್ನು ಮಾತಾಡಿಸದಿದ್ದರೂ ಅವರಾಡಿದ್ದು ಕಿವಿಗೆ ಬೀಳುತ್ತದೆ. ಇಲ್ಲಿ ಮುಖ ತಿರುಗಿಸಿದರೆ ಮುಗಿಯಿತು, ಅವರ ಮಾತೂ ಇಲ್ಲ, ನಮ್ಮ ಮಾತೂ ಇಲ್ಲ. ನಾನೂ ತಿರುಗಿದೆ. ಅವಳು ನಮ್ಮ ಬೆನ್ನುಗಳ ನಡುವೆ ಎಷ್ಟು ಹೊತ್ತು ನಿಂತಿದ್ದಳೋ ಗೊತ್ತಿಲ್ಲ, ಏನಾದರೂ ಹೇಳಿದಳೋ ಅದೂ ಗೊತ್ತಿಲ್ಲ. ಅಂಗಡಿಯವನು ಕೂಡ ಮರುದಿನದಿಂದ ಅವಳು ಕೇಳಿದ ಸಾಮಾನನ್ನು ಬೇರೆ ಕಡೆ ನೋಡುತ್ತ ಅಂದಾಜಿನ ಮೇಲೆ ಕಟ್ಟಿಕೊಡತೊಡಗಿದ. ಬೇಳೆ ಕೇಳಿದರೆ ಬೆಲ್ಲ ಬಂತೆಂದು ಜನ ನಕ್ಕರು.

ಬೀಗ ಮಾತ್ರ ಹಾಗೇ ಇತ್ತು. ಹತ್ತು ದಿನ ಉಳಿದಾಗ ಅನಸೂಯ ಹೇಳಿದಳು, ಹಾಲಮ್ಮ ದಿನಾ ಮಧ್ಯಾಹ್ನ ರೈಲ್ವೆ ಗೇಟು ದಾಟಿ ಹೋಗುತ್ತಾಳಂತೆ, ಫೋನೂ ಇಲ್ಲ ಏನೂ ಇಲ್ಲ. ಸರಿ, ಇನ್ನೊಂದು ಅರ್ಜಿ ತಯಾರಾಗುತ್ತಿದೆ ಎಂದುಕೊಂಡೆ. ಜೊತೆಗೆ ಯಾರೋ ಇದ್ದಾರೆ, ಟೈಪು ಬಲ್ಲವರು. ಈ ಸಲ ಕೈಯಾರೆ ಹಿಡಿಯಬೇಕೆಂದು ಊಟ ಅರ್ಧಕ್ಕೆ ಬಿಟ್ಟು ಅವಳ ಹಿಂದೆ ಹೊರಟೆ.

ಗೇಟು ದಾಟಿದ ಕೂಡಲೇ ಕಿವಿಯಲ್ಲಿ ಏನೋ ಕಳಚಿ ಬಿದ್ದ ಹಾಗಾಯಿತು. ನಾನು ಆ ಕಡೆ ಹೋಗಿ ವರ್ಷಗಳೇ ಆಗಿದ್ದವು. ನನ್ನ ಚಪ್ಪಲಿಯ ಸದ್ದು ನನಗೇ ಕೇಳಿ ಗಾಬರಿಯಾಗಿ, ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಹಾಲಮ್ಮ ಫೋನಿನವರ ಸಾಲು ದಾಟಿ, ಹತ್ತಿಯ ಬೀಜ ಬಿಡಿಸುತ್ತಿದ್ದ ಹಳೇ ಜಿನ್ನಿಂಗ್ ಕಾರ್ಖಾನೆಯ ಪಾಳು ಅಂಗಳಕ್ಕೆ ಹೋದಳು. ನಾನು ಗೋಡೆಯ ಈಚೆ ನಿಂತೆ. ತುಟಿ ಕಾಣುವುದಿಲ್ಲವಲ್ಲ, ಏನು ಮಾಡಲಿ ಎಂದು ಯೋಚಿಸುತ್ತಿರುವಾಗಲೇ ಅವಳ ದನಿ ಬಂತು.

ದನಿ. ಮೂವತ್ತೊಂದು ವರ್ಷ ಅವಳ ಒಂದೊಂದು ಮಾತನ್ನೂ ಓದಿದ್ದೇನೆ, ಅವಳ ದನಿ ಹೀಗಿದೆ ಎಂದು ನನಗೆ ತಿಳಿದೇ ಇರಲಿಲ್ಲ. ಒರಟು, ಬಾವಿಯ ರಾಟೆಯ ಹಾಗೆ ಕಿರುಗುಟ್ಟುವ ದನಿ. ಗೋಡೆಯ ಆಚೆ ಅವಳೊಬ್ಬಳೇ ಇದ್ದಳು.

"ಮಗನೇ" ಎಂದಳು. "ಮಗನೇ, ಮಾತು..." ನಿಂತಳು. ಮತ್ತೆ ಶುರು ಮಾಡಿದಳು. "ಮಗನೇ, ಮಾತು... ಮಾತು... ಅಯ್ಯೋ ಶಿವನೇ, ಮರೆತೆ. ಮತ್ತೆ ಮರೆತೆ."

ಮ. ಕಿವಿಯಾರೆ ಕೇಳಿದೆ. ಬ ಅಲ್ಲ, ಪ ಅಲ್ಲ, ಮೂಗಿನಿಂದ ಬಂದ ಅಪ್ಪಟ ಮ. ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿತ್ತು.

"ಯಾರದು?" ಎಂದಳು.

ಮುಂದೆ ಹೋದೆ. ಗಂಟಲು ತೆರೆಯಲು ಎರಡು ಸಲ ಕೆಮ್ಮಬೇಕಾಯಿತು. "ನಾನು, ಮುರಿಗೆಪ್ಪ."

"ಮುರಿಗೆಣ್ಣನಾ? ನಿನ್ನ ದನಿ ಹಿಂಗೈತಾ?" ಎಂದು ಅಷ್ಟು ದುಃಖದಲ್ಲೂ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನಾದ್ರೂ ಮುಖ ತೋರ್ಸಿದ್ಯಲ್ಲ. ಒಂದು ಮಾತು ಕೇಳ್ತೀನಿ ಅಣ್ಣ. ಮರೆಯೋದು ಅಂಥ ದೊಡ್ಡ ತಪ್ಪಾ? ವಯಸ್ಸಾದ ಮ್ಯಾಲೆ ಎಲ್ಲಾರ್ಗೂ ಆಗೋದೇ. ಅದಕ್ಕೆ ಸಭೆ ಕರೆದು, ಮರೆತೋಳು ನೀನೇನಾ ಅಂತ ನಿಲ್ಸಿ ಕೇಳಿ, ಹೌದು ಅಂದ್ರೆ ಊರಿಗೂರೇ ಬೆನ್ನು ಕೊಡೋದಾ?"

ತಿಪ್ಪೇಶಣ್ಣ ಬರೆದೋಳು ಅಂದದ್ದು ಅವಳ ಕಣ್ಣಿಗೆ ಮರೆತೋಳು ಎಂದು ಬಿದ್ದಿತ್ತು. ಅವನು ಮೂಗು ಮುಟ್ಟಿರಲಿಲ್ಲ, ಆದರೆ ಅದನ್ನು ಗಮನಿಸಬೇಕೆಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಆದರೂ ಒಮ್ಮೆ ಕೇಳಿ ನೋಡೋಣವೆಂದು, "ಹಾಲಮ್ಮ, ಮ ಬಂದಲ್ಲಿ ಏನು ಮಾಡ್ಬೇಕು?" ಎಂದೆ.

ಅವಳು ನನ್ನನ್ನೇ ನೋಡಿದಳು. ತನ್ನ ಕೈ ನೋಡಿಕೊಂಡಳು. "ಏನೋ ಮಾಡ್ಬೇಕಿತ್ತು" ಎಂದಳು. "ಕೈಯಾಗೆ ಏನೋ ಐತೆ ಅದು. ಏನಣ್ಣ ಅದು?"

ಎಲ್ಲವನ್ನೂ ಮರೆಯುತ್ತಿರುವವಳು ಅರ್ಜಿಯ ಗದ್ದಲವನ್ನೂ, ಮೂಗು ಮುಟ್ಟುವುದನ್ನೂ ಮರೆತಿದ್ದಳು. ಇಪ್ಪತ್ತು ಮಾರು ದೂರದಿಂದ ತುಟಿ ಓದುವ ನನಗೆ ಇದೊಂದು ಹೊಳೆಯಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಪ್ಪ ಹೇಳುತ್ತಿದ್ದ. ನಾನು ಪ್ರಮಾಣಿಸಿಯೇ ನೋಡಿದ್ದೆ, ಖಾಲಿ ಕೈಯನ್ನು ಕೂಡ ನೋಡಿದ್ದೆ. ಅದೇ ನನ್ನ ಸಂಕಟ. ಅವಳ ಮುಂದೆ ನೆಲದ ಮೇಲೆ ಕೂತು, ನಡೆದದ್ದನ್ನೆಲ್ಲ ಹೇಳಿದೆ, ಅರ್ಜಿಯ ವಿಷಯ, ಬಸ್ ಸ್ಟ್ಯಾಂಡಿನ ವಿಷಯ, ನನ್ನ ಸಾಕ್ಷಿಯ ವಿಷಯ. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಊರಾಗೆ ಇದನ್ನ ಹೇಳ್ಬ್ಯಾಡಣ್ಣ. ಅರ್ಜಿ ಬರೆದೋಳು ಅಂತ ಬೇಕಾದ್ರೆ ಅಂದ್ಕಳ್ಳಿ. ಮರೆಯೋಳು ಅಂತ ಗೊತ್ತಾದ್ರೆ ಪಾತ್ರ ಇನ್ನೊಬ್ರಿಗೆ ಕೊಡ್ತಾರೆ. ಅದೊಂದು ಐತೆ ಅಂತ ಬೆಳಿಗ್ಗೆ ಎದ್ದು ಮುಖ ತೊಳ್ಕೊಂತೀನಿ. ಅದೂ ಹೋದ್ರೆ ಈ ಮುಖ ಯಾರು ನೋಡ್ತಾರೆ?"

ಮಾತು ಕೊಟ್ಟೆ. ಕೊಟ್ಟು ಎದ್ದು ಬರುವಾಗ ಗೊತ್ತಾಯಿತು ನಾನು ಎಂಥ ಇಕ್ಕಟ್ಟಿಗೆ ಸಿಕ್ಕಿದ್ದೇನೆಂದು. ನಿಜ ಹೇಳಿದರೆ ಅವಳ ಪಾತ್ರ ಹೋಗುತ್ತದೆ. ಹೇಳದಿದ್ದರೆ ಅವಳು ದ್ರೋಹಿಯಾಗಿಯೇ ಸಾಯುತ್ತಾಳೆ, ಬೀಗವೂ ತೆಗೆಯುವುದಿಲ್ಲ. ಸದ್ದಿನೊಳಗೆ ವಾಪಸು ಕಾಲಿಟ್ಟ ಮೇಲೆ ತಲೆ ಓಡಿತು. ಆ ಸದ್ದಿನಲ್ಲಿ ಹುಟ್ಟಿದ ತಪ್ಪನ್ನು ಅದೇ ಸದ್ದಿನಲ್ಲಿ ತಿದ್ದಬೇಕು.

ನಾಲ್ಕನೇ ದಿನ ಪುರಸಭೆಯ ವಾರದ ಸಭೆಯಲ್ಲಿ ಎದ್ದು ನಿಂತೆ. ಎಲ್ಲರಿಗೂ ನನ್ನ ಮುಖ ಕಾಣುವ ಜಾಗ ನೋಡಿ ನಿಂತೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಹಾಲಮ್ಮಂದು ಏನೂ ತಪ್ಪಿಲ್ಲ. ನಾನೇ ಮರೆತೆ" ಎಂದೆ.

ನಾನು ಸುಳ್ಳು ಹೇಳಲಿಲ್ಲ ನೋಡಿ. ಮೂವತ್ತೊಂದು ವರ್ಷದ ವಿಶ್ವಾಸವನ್ನು ಮರೆತೆ, ಎದುರಿಗೆ ಅಳುತ್ತಿರುವವಳನ್ನು ಹೋಗಿ ಯಾಕೆ ಎಂದು ಕೇಳಬೇಕು ಅನ್ನುವುದನ್ನು ಮರೆತೆ. ನಿಜವನ್ನೇ ಹೇಳಿದೆ. ಮೂಗು ಮಾತ್ರ ಮುಟ್ಟಲಿಲ್ಲ. ಮಿಲ್ಲಿಗೆ ಸೇರಿದಾಗಿನಿಂದ ರೂಢಿಯಾದ ಬೆರಳು, ಬೆನ್ನ ಹಿಂದೆ ಒದ್ದಾಡಿತು. ಇನ್ನೊಂದು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತಿಪ್ಪೇಶಣ್ಣ ಬಗ್ಗಿ ನೋಡಿದ. "ಇನ್ನೊಂದ್ಸಲ ಹೇಳು."

"ನಾನೇ ಮರೆತೆ, ತಿಪ್ಪೇಶಣ್ಣ."

ಊರು ಓದಿಕೊಂಡದ್ದು ಏನೆಂದು ಹೇಳಬೇಕಿಲ್ಲ. ಮತ್ತೆ ಹಾಲಮ್ಮ ಯಾಕೆ ಒಪ್ಪಿಕೊಂಡಳು ಎಂದು ಯಾರೋ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಇನ್ನೊಬ್ಬರು ಉತ್ತರ ಕೊಟ್ಟರು: ಅಣ್ಣ ಅಂತಿದ್ದಳಲ್ಲ, ಅವನ ತಲೆ ಕಾಯೋಕೆ ತನ್ನ ತಲೆ ಕೊಟ್ಟಿದ್ದಾಳೆ, ಅರ್ಜಿ ಅವಳದಾಗಿದ್ದರಲ್ಲವೇ ವಾಪಸು ತಗೊಳ್ಳೋಕೆ. ಇವನು ನೋಡು, ಕಳ್ಳನೇ ಕಳ್ಳ ಕಳ್ಳ ಅಂತ ಕೂಗಿದ ಹಾಗೆ, ಆ ಬಡಪಾಯಿಯ ಮೇಲೆ ಹಾಕಿದ. ಅನುಮಾನ ಪಡುವವರಿಗೆ ಕಾರಣ ಹುಡುಕಿಕೊಡುವ ಕಷ್ಟ ಬೇಡ, ಅವರೇ ನೇಯ್ದುಕೊಳ್ಳುತ್ತಾರೆ. ಸಾಹೇಬನ ಕಾಗದದ ಮೇಲೆ ನಾನು ಸಹಿ ಹಾಕಿದೆ. ಮರುದಿನ ಕಲಾಮಂದಿರದ ಬೀಗ ತೆಗೆದರು. ಅದಕ್ಕೂ ಮೊದಲು, ಸಹಿಯ ಮಸಿ ಆರುವ ಮೊದಲೇ, ಸಭೆ ಎದ್ದು ನನಗೆ ಬೆನ್ನು ಕೊಟ್ಟಿತು. ಇಷ್ಟು ದಿನ ಬೆನ್ನು ತಿರುಗಿಸುವವರ ಸಾಲಿನಲ್ಲಿದ್ದವನಿಗೆ ಎದುರಿನಿಂದ ಅದು ಹೇಗೆ ಕಾಣುತ್ತದೆ ಎಂದು ಅವತ್ತು ತಿಳಿಯಿತು. ಅಂಗಿಯ ಹೊಲಿಗೆ, ಬೆವರಿನ ಕಲೆ, ಕ್ಷೌರ ಮಾಡಿದ ಕತ್ತು. ಒಂದು ಕಣ್ಣೂ ಇಲ್ಲ.

ಮನೆಯಲ್ಲಿ ಅನಸೂಯ ನಾಟಕ ಮುಗಿಯುವವರೆಗೂ ಬೆನ್ನು ಕೊಟ್ಟಳು. ತಟ್ಟೆಯನ್ನು ಹಿಂದಕ್ಕೆ ತಳ್ಳಿ ಹೋಗುತ್ತಿದ್ದಳು. ಅವಳಿಗೂ ನಾನು ಹೇಳಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಮೂಗರ್ಜಿ ನಿಜವಾಗಿ ಯಾರು ಬರೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಒಬ್ಬನ ಮೇಲೆ ಅನುಮಾನವಿದೆ. ಆದರೆ ನನ್ನ ಅನುಮಾನಕ್ಕೆ ಎಷ್ಟು ಬೆಲೆ ಎಂಬುದು ಈಗ ನನಗೆ ಗೊತ್ತಾಗಿದೆ, ಹಾಗಾಗಿ ಹೆಸರು ಹೇಳುವುದಿಲ್ಲ. ಹಾಲಮ್ಮ ಹೋದ ಸಂಕ್ರಾಂತಿಗೆ ತೀರಿಕೊಂಡಳು. ಅದಕ್ಕೇ ಈಗ ಇದನ್ನು ಬರೆದೆ. ಈ ಸಲ ನಿಜವಾಗಿಯೂ ಬಕಾರವೇ.

ಆದರೆ ನಾಟಕದ ದಿನದ ಮಾತು ಉಳಿದಿದೆ. ಹಿಂದಿನ ದಿನ ಸಂಘದವರಿಗೆ ತಲೆನೋವು ಹತ್ತಿತ್ತು. ಗುಂಡಿಯಲ್ಲಿ ಕೂರಲು ಬೇರೆ ಯಾರಿಗೂ ಆ ನಾಟಕ ಬಾಯಿಗೆ ಬರುವುದಿಲ್ಲ. ಕೊನೆಗೆ ತಿಪ್ಪೇಶಣ್ಣನೇ ಒಂದು ಚೀಟಿ ಬರೆದು ನಮ್ಮ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದ. ಗುಂಡಿಯಲ್ಲಿ ಕೂತವನ ಮುಖ ಜನಕ್ಕೆ ಕಾಣುವುದಿಲ್ಲ, ಆದ್ದರಿಂದ ಬೆನ್ನು ಕೊಟ್ಟ ಹಾಗೇ ಆಗುತ್ತದೆ, ಬಂದು ಇಳಿ. ಜನ ಸೇರುವ ಮೊದಲೇ ಹೋಗಿ ಇಳಿದು ಕೂತೆ.

ಹಾಲಮ್ಮ ಒಳ್ಳೆಯ ಕಳೆಯಿಂದ ಬಂದಳು. ಊರು ಅವಳಿಗೆ ಮಾಡಿದ್ದಕ್ಕೆ ಪಶ್ಚಾತ್ತಾಪ ಪಟ್ಟು ಮೊದಲೇ ಎದ್ದು ನಿಂತು ಕೈಯೆತ್ತಿ ಆಡಿಸಿತಂತೆ, ನನಗೆ ಕಾಣಲಿಲ್ಲ. ಮೊದಲ ಅಂಕದಿಂದಲೇ ಅವಳಿಗೆ ಮಾತು ಹೋಗಿತ್ತು. ಒಂದೊಂದು ಸಾಲನ್ನೂ ನಾನು ಆಡಿದೆ, ನನ್ನ ತುಟಿ ನೋಡಿ ಅವಳು ಆಡಿದಳು. ನಾನು ಮೂಗು ಮುಟ್ಟಿದರೆ ಅವಳೂ ಮುಟ್ಟಿದಳು. ರಾಣಿ ಈ ಸಲ ಕೆಳಗೆ ನೋಡಿಕೊಂಡೇ ಮಾತಾಡುತ್ತಾಳೆ, ಎಷ್ಟು ಗಾಂಭೀರ್ಯ ಎಂದು ಜನ ಮೆಚ್ಚಿಕೊಂಡರೆಂದು ಆಮೇಲೆ ಅನಸೂಯಳ ತುಟಿಯಲ್ಲಿ ಕಂಡಿತು.

ಕೊನೆಯ ಅಂಕ ಬಂತು. ಮಗನಾದವನು ಮಂಡಿಯೂರಿದ. ಅವಳು ಕೈ ಚಾಚಿ ನಿಂತಳು, ಮಗನೇ ಎಂದಳು, ಅಲ್ಲಿಗೆ ಖಾಲಿಯಾದಳು. ಕಣ್ಣು ಇಳಿದು ಗುಂಡಿಗೆ ಬಂತು. ನಾನು ನಿಧಾನವಾಗಿ, ಮೂಗಿಗೆ ಬೆರಳಿಟ್ಟು, ಮಾತು ಮರೆತವನಿಗೆ ಎಂದೆ. ಅವಳ ಬೆರಳು ಮೆಲ್ಲಗೆ ಮೇಲೆದ್ದು ಮೂಗಿನ ತುದಿಗೆ ಮುಟ್ಟಿತು. "ಮಾತು ಮರೆತವನಿಗೆ" ಎಂದಳು, ಮತ್ತೆ ನನ್ನ ಕಡೆ ನೋಡಿದಳು. ಊರಿನಲ್ಲಿ ಅವತ್ತು ನನ್ನ ಮುಖ ನೋಡಿದವಳು ಅವಳೊಬ್ಬಳೇ.